ಗಜನಿಯ ಸೀಗಡಿಯೂ ಹಿತಜೀವಾಣುಗಳೂ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನೀ ನದಿಯು ಸಮುದ್ರವನ್ನು ಸೇರುವ ಅಳಿವೆಯ ಇಕ್ಕೆಲಗಳಲ್ಲಿಯೂ ಗಜನಿ ಭೂಮಿಗಳಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ ಆಗಿದೆ. ಮಳೆಗಾಲದಲ್ಲಿ ನದಿಯ ಸಿಹಿನೀರು ನೆಲದ ಉಪ್ಪನ್ನು ತೊಳೆದಾಗ ಈ ಭೂಮಿಗಳಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವುದೂ, ಕೊಯ್ಲಾದ ಮೇಲೆ ಕಟ್ಟೆಯ ಜಂತ್ರಡಿಯ ಹಲಗೆಗಳನ್ನು ತೆಗೆದು, ಭರತದ ನೀರಿನೊಡನೆ ಬರುವ ಸೀಗಡಿಯ ಮರಿಗಳನ್ನು ಒಳಗೆ ಬಿಟ್ಟುಕೊಂಡು ಬೆಳೆಸುವುದೂ ಹಿಂದಿನಿಂದ ನಡೆದುಬಂದ ಪದ್ಧತಿಯಾಗಿರುತ್ತದೆ. ಈ ಪದ್ಧತಿಯಲ್ಲಿ ಭತ್ತದ ಕೂಳೆಯೂ ಅದರ ಮೇಲೆ ಬೆಳೆಯುವ ಪಾಚಿಯೂ ಸೀಗಡಿಗೆ ಆಹಾರವಾಗುತ್ತಿದ್ದುವು. ಹೊರಗಿನಿಂದ ಮೇವನ್ನು ಕೊಂಡು ಹಾಕುವ ಖರ್ಚಿರಲಿಲ್ಲ. ಈಚಿನ ದಶಕಗಳಲ್ಲಿ ಅನೇಕ ಕಡೆ ಗಜನಿಯನ್ನು ಸೀಗಡಿ ಸಾಕುವವರಿಗೆ ಗುತ್ತಿಗೆಗೆ ಕೊಡುವ ರೂಢಿ ಬಂದಿದೆ. ಮರಿಗಳನ್ನು ಒತ್ತಾಗಿ ಬಿಟ್ಟು, ಕೊಂಡ ಮೇವನ್ನು ಹಾಕಿ, ಬೇಗನೆ ಬೆಳೆ ತೆಗೆಯುವ ಆಸೆ ಹೆಚ್ಚಿದಂತೆಲ್ಲಾ ನೀರು ಕೆಡುವುದೂ, ಸೀಗಡಿ ಸಾಯುವುದೂ, ಗುತ್ತಿಗೆಯ ಹಣ ನಿಲ್ಲುವುದೂ ಹೆಚ್ಚಾಗುತ್ತವೆ.

ಇಂಥ ಸಮಯದಲ್ಲಿ ವ್ಯಾಪಾರಿಗಳು ಪೊಟ್ಟಣಗಳನ್ನು ತಂದು, "ಇದು ಪ್ರೋಬಯಾಟಿಕ್, ಇದನ್ನು ಹಾಕಿದರೆ ನೀರಿನಲ್ಲಿರುವ ಎಲ್ಲಾ ವಿಷವೂ ಹೋಗುವುದು" ಎಂದು ಹೇಳುವುದುಂಟು. ಈ ಮಾತಿನಲ್ಲಿ ಸತ್ಯವೆಷ್ಟು, ಅತಿಶಯೋಕ್ತಿಯೆಷ್ಟು ಎಂಬುದನ್ನು ಭೂಮಾಲೀಕರೂ ಗ್ರಾಮಮುಖ್ಯರೂ ಅರಿತಿರುವುದು ಅವಶ್ಯಕ. ಏಕೆಂದರೆ ಕೆಟ್ಟ ನೀರು ಗಜನಿಯಲ್ಲಿಯೇ ನಿಲ್ಲುವುದಿಲ್ಲ. ಇಳಿತದಲ್ಲಿ ಅದೇ ಜಂತ್ರಡಿಯಿಂದ ಹೊರಬಿದ್ದು, ಬಡವರು ಬೆಳಚು ಆರಿಸುವ ದಿಬ್ಬಗಳ ಮೇಲೆ ಹರಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ೨೦೦೮ ರಲ್ಲಿ ಮಾಡಿದ ಅಂದಾಜಿನಂತೆ ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು ೨೨,೦೦೦ ಟನ್ನು ಚಿಪ್ಪುಜೀವಿಗಳನ್ನು ತೆಗೆಯುತ್ತಿದ್ದರು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದರಿಂದ ಕೆಲಸ ದೊರೆಯುತ್ತಿತ್ತು. ಹೀಗಿರುವಲ್ಲಿ ಒಬ್ಬರ ಗಜನಿಯ ನೀರು ಊರಿನವರೆಲ್ಲರ ಅನ್ನದ ವಿಷಯವಾಗಿರುತ್ತದೆ.

ಹಿತಜೀವಾಣುಗಳೆಂದರೇನು?

ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಲ್ಲಿ ರೋಗವನ್ನುಂಟುಮಾಡುವ ಜಾತಿಗಳಿರುವಂತೆಯೇ ಉಪಕಾರಿಯಾದ ಜಾತಿಗಳೂ ಇವೆ. ಹಾಲನ್ನು ಮೊಸರಾಗಿ ಮಾಡುವ ಹೆಪ್ಪಿನಲ್ಲಿರುವುವು ಅಂಥವೇ. ಅವರೆ, ತೊಗರಿ, ಶೇಂಗಾ ಮೊದಲಾದುವುಗಳ ಬೇರಿನ ಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುವೂ ಅಂಥವೇ. ಬೀಜಕ್ಕೆ ಈ ಜೀವಾಣುಗಳನ್ನು ಲೇಪಿಸಿ ಬಿತ್ತುವ ಕ್ರಮವು ರೈತರಿಗೆ ಹೊಸದಲ್ಲ. ತಕ್ಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಪ್ರಾಣಿಯ ಆರೋಗ್ಯಕ್ಕೆ ಒಳ್ಳೆಯದನ್ನು ಮಾಡುವ ಜೀವಂತ ಸೂಕ್ಷ್ಮಜೀವಿಗಳಿಗೆ ಪ್ರೋಬಯಾಟಿಕ್ ಎಂದು ಹೆಸರು. ಈ ಲಕ್ಷಣವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ೨೦೦೧ ರಲ್ಲಿ ಒಪ್ಪಿಕೊಟ್ಟರು. ಈ ಲೇಖನದಲ್ಲಿ ಅವುಗಳನ್ನು ಹಿತಜೀವಾಣುಗಳೆಂದು ಕರೆಯಲಾಗಿದೆ. "ಜೀವಂತ" ಎಂಬ ಮಾತನ್ನೂ "ತಕ್ಕಷ್ಟು" ಎಂಬ ಮಾತನ್ನೂ ವಾಚಕರು ಮನಸ್ಸಿನಲ್ಲಿಡಬೇಕು. ಸತ್ತ ಹೆಪ್ಪಿನಿಂದ ಮೊಸರಾಗದು. ಒಂದು ತೊಟ್ಟು ಹೆಪ್ಪಿನಿಂದ ಒಂದು ಹಂಡೆ ಹಾಲೂ ಹೊತ್ತಿಗೆ ಸರಿಯಾಗಿ ಹೆಪ್ಪುಗಟ್ಟದು.

ಸೀಗಡಿಯ ಸಾಕಣೆಯಲ್ಲಿ ಮುಖ್ಯವಾಗಿ ಮೂರು ಬಗೆಯವನ್ನು ಉಪಯೋಗಿಸುತ್ತಾರೆ. ಮೊದಲನೆಯವು ಬ್ಯಾಸಿಲಸ್ ಎಂಬ ಜಾತಿಯವು. ಇವು ತಳದ ಕೊಳೆಯನ್ನು ಕರಗಿಸುತ್ತವೆ, ರೋಗಕಾರಕ ಜೀವಾಣುಗಳಿಗೆ ಎಡೆ ದೊರೆಯದಂತೆ ಮಾಡುತ್ತವೆ. ಕಷ್ಟಕಾಲದಲ್ಲಿ ಗಟ್ಟಿಯಾದ ಬೀಜರೂಪವನ್ನು ತಾಳುವುದರಿಂದ ಪೊಟ್ಟಣದಲ್ಲಿ ಬಹುಕಾಲ ಜೀವದಿಂದಿರುತ್ತವೆ. ಎರಡನೆಯವು ಮೊಸರಿನ ಜಾತಿಯ ಲ್ಯಾಕ್ಟೋಬ್ಯಾಸಿಲಸ್. ಇವನ್ನು ಮೇವಿನಲ್ಲಿ ಬೆರೆಸಿ ಕೊಡುತ್ತಾರೆ. ಮೂರನೆಯವು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಜಾತಿಗಳು. ಇವು ಬಹಳ ನಿಧಾನವಾಗಿ ಬೆಳೆಯತಕ್ಕುವು.

ಒಳಗೆ ಹುಟ್ಟುವ ವಿಷ

ಸೀಗಡಿಗೆ ತಗಲುವ ವಿಷಗಳನ್ನು ಎರಡಾಗಿ ವಿಂಗಡಿಸಬಹುದು: ಕೊಳದೊಳಗೇ ಹುಟ್ಟುವ ವಿಷ, ಹೊರಗಿನಿಂದ ಬರುವ ವಿಷ. ಹಿತಜೀವಾಣುಗಳ ನಿಜವಾದ ಪ್ರಯೋಜನವು ಮೊದಲನೆಯದರಲ್ಲಿಯೇ ಹೆಚ್ಚು.

ಸೀಗಡಿಯು ತಿಂದ ಮೇವಿನ ಸಾರಜನಕದಲ್ಲಿ ಅದರ ಮೈಗೆ ಸೇರುವುದು ಸುಮಾರು ಕಾಲು ಪಾಲು ಮಾತ್ರ. ಉಳಿದುದು ಮಲದಲ್ಲಿಯೂ, ತಿನ್ನದೆ ಬಿಟ್ಟ ಮೇವಿನಲ್ಲಿಯೂ, ಅಮೋನಿಯಾ ರೂಪದಲ್ಲಿಯೂ ಕೊಳದಲ್ಲಿ ನಿಲ್ಲುತ್ತದೆ. ಇದನ್ನು ಲೆಕ್ಕಹಾಕಿ ನೋಡೋಣ. ನೂರಕ್ಕೆ ೩೫ ಭಾಗ ಸಸಾರಜನಕವಿರುವ ೧೦೦ ಕಿಲೋ ಮೇವಿನಲ್ಲಿ ಸುಮಾರು ೫.೬ ಕಿಲೋ ಸಾರಜನಕವಿರುತ್ತದೆ. ಅದರಲ್ಲಿ ಮುಕ್ಕಾಲು ಪಾಲು, ಎಂದರೆ ನಾಲ್ಕು ಕಿಲೋವಿಗೆ ಮೇಲ್ಪಟ್ಟು, ಕೊಳದಲ್ಲಿ ಉಳಿಯುವುದು. ಒಂದು ಎಕರೆ ವಿಸ್ತಾರದ, ಒಂದು ಮೀಟರು ಆಳದ ಕೊಳದಲ್ಲಿ ಸುಮಾರು ೪೦ ಲಕ್ಷ ಲೀಟರು ನೀರಿರುತ್ತದೆ. ಆದುದರಿಂದ ಪ್ರತಿ ಕ್ವಿಂಟಾಲು ಮೇವಿನಿಂದ ಲೀಟರು ನೀರಿಗೆ ಒಂದು ಮಿಲಿಗ್ರಾಂನಂತೆ ಸಾರಜನಕವು ಸೇರುತ್ತಾ ಹೋಗುವುದು. ನಾಲ್ಕಾರು ದಿನಗಳಲ್ಲಿಯೇ ಒಂದು ಕ್ವಿಂಟಾಲು ಮೇವು ಖರ್ಚಾಗುವ ಕೊಳಗಳಲ್ಲಿ ಇದರ ಪರಿಣಾಮವನ್ನು ಊಹಿಸಿಕೊಳ್ಳಬಹುದು.

ನೀರಿನಲ್ಲಿರುವ ಅಮೋನಿಯಾ ಎಲ್ಲವೂ ಒಂದೇ ಸಮನಾಗಿ ವಿಷಕರವಲ್ಲ. ನೀರಿನ ಕ್ಷಾರಗುಣವನ್ನು ಅಳೆಯುವ ಪಿಎಚ್ ಎಂಬ ಮಾನವು ೭ ಇದ್ದಾಗ ಅಮೋನಿಯಾದಲ್ಲಿ ವಿಷರೂಪವಾದುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ೮ ಆದಾಗ ಆರೇಳು ಪಾಲು. ೯ ಆದಾಗ ಸುಮಾರು ೪೦ ಪಾಲು. ಪಾಚಿ ದಟ್ಟವಾಗಿ ಹಸುರುಗಟ್ಟಿದ ಕೊಳಗಳಲ್ಲಿ ಬಿಸಿಲು ಏರಿದ ಮಧ್ಯಾಹ್ನದ ವೇಳೆ ಪಿಎಚ್ ಹೆಚ್ಚುವುದರಿಂದ, ಬೆಳಿಗ್ಗೆ ಸುಖವಾಗಿದ್ದ ಸೀಗಡಿಯು ಸಾಯಂಕಾಲಕ್ಕೆ ನಿಸ್ಸತ್ವವಾಗಿರುವುದುಂಟು. ಇದಲ್ಲದೆ, ಗಾಳಿಯಾಡದ ಕಪ್ಪು ಕೆಸರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಗಂಧಕಾನಿಲವು ಹುಟ್ಟುತ್ತದೆ. ಸೀಗಡಿಯು ತಳದಲ್ಲಿಯೇ ವಾಸಿಸುವ ಪ್ರಾಣಿಯಾದುದರಿಂದ ಅದಕ್ಕೆ ಈ ಅನಿಲವು ಬಹು ಅಪಾಯಕರ.

ಇಲ್ಲಿ ಹಿತಜೀವಾಣುಗಳು ಮಾಡುವ ಕೆಲಸವು ನಿಜವಾದುದು. ಬ್ಯಾಸಿಲಸ್ ಜಾತಿಯವು ತಳದ ಕೊಳೆಯನ್ನು ತಿಂದು ಕರಗಿಸುತ್ತವೆ. ಮೂರನೆಯ ಬಗೆಯವು ಅಮೋನಿಯಾವನ್ನು ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟ್ ಆಗಿ ಮಾಡುತ್ತವೆ. ಆದರೆ ಕೂಲಿಯಿಲ್ಲದೆ ಯಾವ ಆಳೂ ಕೆಲಸ ಮಾಡುವುದಿಲ್ಲ. ಈ ಜೀವಾಣುಗಳ ಕೂಲಿಯು ಆಮ್ಲಜನಕ ಮತ್ತು ಸುಣ್ಣ. ಮೇಲೆ ಹೇಳಿದ ನಾಲ್ಕು ಕಿಲೋ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು ೧೮ ಕಿಲೋ ಆಮ್ಲಜನಕವು ವ್ಯಯವಾಗುತ್ತದೆ, ಮತ್ತು ಸುಮಾರು ೨೯ ಕಿಲೋ ಸುಣ್ಣಕಲ್ಲಿನ ಪುಡಿಗೆ ಸಮನಾದ ಕ್ಷಾರವು ನೀರಿನಿಂದ ಕಳೆದುಹೋಗುತ್ತದೆ. ಒಂದು ಎಕರೆ ಕೊಳದ ನೀರು ಆಮ್ಲಜನಕದಿಂದ ತುಂಬಿ ನಿಂತಾಗಲೂ ಅದರಲ್ಲಿರುವುದು ಸುಮಾರು ೨೮ ಕಿಲೋ ಮಾತ್ರ. ಗಾಳಿ ತುಂಬುವ ಏರೇಟರ್ ಯಂತ್ರಗಳಿಲ್ಲದ ಕೊಳದಲ್ಲಿ ಪೊಟ್ಟಣಗಳನ್ನು ಸುರಿಯುವುದು, ಮೇವಿಲ್ಲದ ಕೊಟ್ಟಿಗೆಗೆ ಎತ್ತುಗಳನ್ನು ತಂದು ಕಟ್ಟಿದಂತೆ.

ಈ ವಿಷಯದಲ್ಲಿ ನನ್ನಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಬರೆಯುವುದು ಉಚಿತವೆಂದು ತೋರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದಲ್ಲಿ ಅಮೋನಿಯಾ ಹೆಚ್ಚಿದ್ದ ಕೊಳವನ್ನು ನನಗೆ ತೋರಿಸಿದರು. ಬೆಲ್ಲವನ್ನು ಹಾಕಿದರೆ ಜೀವಾಣುಗಳು ಬೆಲ್ಲದೊಡನೆ ಅಮೋನಿಯಾವನ್ನೂ ತಿಂದು ವೃದ್ಧಿಯಾಗುವುವೆಂದು ನಾನು ಓದಿದ್ದೆನು, ಅದು ಸುಳ್ಳಲ್ಲ. ಇಸ್ರೇಲ್ ದೇಶದ ಅವ್ನಿಮೆಲೆಖ್ ಎಂಬ ವಿದ್ವಾಂಸರು ೧೯೯೯ ರಲ್ಲಿ ತೋರಿಸಿದ ಲೆಕ್ಕದಂತೆ ಒಂದು ಗ್ರಾಂ ಸಾರಜನಕಕ್ಕೆ ಇಪ್ಪತ್ತು ಗ್ರಾಂ ಶರ್ಕರಪದಾರ್ಥವು ಬೇಕು. ಎಕರೆಗೆ ಎಂಬತ್ತು ಕಿಲೋ ಬೆಲ್ಲವನ್ನೂ ಇಮ್ಮಡಿ ಜೀವಾಣುಗಳನ್ನೂ ಒಂದೇ ದಿನ ಹಾಕುವಂತೆ ಹೇಳಿ ಬಂದೆನು. ಆ ದಿನ ಮೋಡ ಕವಿದಿತ್ತು. ಯಂತ್ರವೂ ಒಂದೇ ಇತ್ತು. ಅಷ್ಟು ಬೆಲ್ಲವನ್ನು ಅರಗಿಸಲು ಜೀವಾಣುಗಳಿಗೆ ಸುಮಾರು ೫೦ ಕಿಲೋ ಆಮ್ಲಜನಕವು ಬೇಕು. ಕೊಳದಲ್ಲಿದ್ದುದು ಅದರ ಅರ್ಧವೂ ಇರಲಾರದು. ಬೆಳಗಿನ ಜಾವಕ್ಕೆ ಸೀಗಡಿಗಳೆಲ್ಲಾ ಉಸಿರಿಗಾಗಿ ಕಟ್ಟೆಯ ಅಂಚಿಗೆ ಬಂದು ಬಿದ್ದಿದ್ದುವು. ಜಮೀನಿನ ಯಜಮಾನರು ನನ್ನನ್ನು ನಿಂದಿಸಲಿಲ್ಲ. "ಹೆಪ್ಪು ಹೆಚ್ಚಾದರೆ ಮೊಸರು ಹುಳಿಯಾಗುವುದಷ್ಟೆ, ಸ್ವಾಮಿ, ಇಲ್ಲಿ ವರ್ಷದ ಬೆಳೆಯೇ ಹೋಯಿತು" ಎಂದು ಮಾತ್ರ ಹೇಳಿದರು. ಅಂದು ಮಾಡಬೇಕಾಗಿದ್ದ ಮೊದಲ ಕೆಲಸವು ಮೇವನ್ನು ಕಡಿಮೆಮಾಡುವುದೇ ಆಗಿತ್ತು. ಮೇವನ್ನು ಮಿತಿಮೀರಿ ಹಾಕಿ ಆಮೇಲೆ ಜೀವಾಣುಗಳನ್ನು ಕೊಳ್ಳುವುದೆಂದರೆ ಎರಡು ಸಲ ಹಣ ಕಳೆದುಕೊಂಡಂತೆ.

ಹೊರಗಿನಿಂದ ಬರುವ ವಿಷ

ಎರಡನೆಯ ಬಗೆಯ ವಿಷಗಳಲ್ಲಿ ಮುಖ್ಯವಾದುವು ಕೀಟನಾಶಕಗಳು ಮತ್ತು ಲೋಹಗಳು. ಸೀಗಡಿ, ಏಡಿ ಮೊದಲಾದುವು ಕೀಟಗಳಿಗೆ ದಾಯಾದಿಗಳಾದ ಪ್ರಾಣಿಗಳು. ಆದುದರಿಂದ ಹುಳುವನ್ನು ಕೊಲ್ಲುವ ಔಷಧವು ಸೀಗಡಿಯನ್ನೂ ಕೊಲ್ಲುವುದು ಆಶ್ಚರ್ಯವಲ್ಲ. ಸೈಪರ್‌ಮೆಥ್ರಿನ್ ಮೊದಲಾದ ಈಚಿನ ಕೀಟನಾಶಕಗಳು ಹತ್ತು ಲಕ್ಷ ಲೀಟರು ನೀರಿಗೆ ಒಂದು ಗ್ರಾಂಗಿಂತಲೂ ಕಡಿಮೆ ಬೆರೆತರೂ ಸೀಗಡಿಗೆ ಮಾರಕವಾಗುತ್ತವೆ. ಮೇಲ್ಕಂಡ ಒಂದು ಎಕರೆ ಕೊಳದ ಲೆಕ್ಕದಲ್ಲಿ ಇದು ನಾಲ್ಕು ಗ್ರಾಂಗಿಂತಲೂ ಕಡಿಮೆ. ಸಿಂಪಡಿಸಿದ ಯಂತ್ರವನ್ನು ಕಾಲುವೆಯಲ್ಲಿ ತೊಳೆಯುವ ಅಭ್ಯಾಸವು ಎಂಥ ಅನರ್ಥಕ್ಕೆ ಕಾರಣವಾಗಬಹುದೆಂಬುದು ಇದರಿಂದ ಗೊತ್ತಾಗುವುದು.

ಜೀವಾಣುಗಳು ಕೀಟನಾಶಕಗಳನ್ನು ಒಡೆಯಲಾರವೇ ಎಂದು ವಾಚಕರು ಕೇಳಬಹುದು. ಒಡೆಯಬಲ್ಲುವು. ಫಿಲಿಪೈನ್ಸ್ ದೇಶದ ಭತ್ತದ ಗದ್ದೆಯಿಂದ ತೆಗೆದ ಒಂದು ಜಾತಿಯ ಜೀವಾಣುವು ಡಯಾಜಿನಾನ್ ಮತ್ತು ಪ್ಯಾರಥಿಯಾನ್ ಎಂಬ ಕೀಟನಾಶಕಗಳನ್ನು ಒಡೆಯುವುದೆಂದು ಸೇತುನಾಥನ್ ಮತ್ತು ಯೋಶಿದಾ ಎಂಬ ವಿದ್ವಾಂಸರು ೧೯೭೩ ರಲ್ಲಿ ಪ್ರಕಟಿಸಿದರು. ಅಲ್ಲಿಂದೀಚೆಗೆ ಇಂಥ ಜೀವಾಣುಗಳು ಅನೇಕ ದೇಶಗಳ ಮಣ್ಣಿನಲ್ಲಿ ದೊರೆತಿವೆ. ಆದರೆ ಇಲ್ಲಿ ಎರಡು ತೊಡಕುಗಳುಂಟು. ಒಂದನೆಯದು, ಒಂದು ಜಾತಿಯ ಜೀವಾಣುವು ಎಲ್ಲಾ ವಿಷಗಳನ್ನೂ ಒಡೆಯಲಾರದು. ಪ್ಯಾರಥಿಯಾನನ್ನು ಒಡೆಯುವುದು ಎಂಡೋಸಲ್ಫಾನನ್ನು ಒಡೆಯಬೇಕೆಂಬ ನಿಯಮವಿಲ್ಲ. ಎರಡನೆಯದು, ಜೀವಾಣುಗಳ ಕೆಲಸಕ್ಕೆ ದಿನಗಳು, ವಾರಗಳು ಬೇಕು. ಕೀಟನಾಶಕವು ಸೀಗಡಿಯನ್ನು ಗಂಟೆಗಳಲ್ಲಿ ಕೊಲ್ಲುತ್ತದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವೇನು?

ಲೋಹಗಳ ವಿಷಯವು ಇದಕ್ಕಿಂತಲೂ ಕಠಿನ. ಕೀಟನಾಶಕವನ್ನು ಒಡೆಯಬಹುದು; ತಾಮ್ರ, ಸೀಸ, ಕ್ಯಾಡ್ಮಿಯಂ, ಪಾದರಸಗಳು ಮೂಲವಸ್ತುಗಳಾದುದರಿಂದ ಅವನ್ನು ಯಾವ ಜೀವಿಯೂ ನಾಶಮಾಡಲಾರದು. ಹಿತಜೀವಾಣುವು ಮಾಡಬಹುದಾದುದು ಇಷ್ಟೇ: ತನ್ನ ಮೈಯ ಹೊರಪದರಕ್ಕೆ ಲೋಹವನ್ನು ಅಂಟಿಸಿಕೊಂಡು, ಅದು ಪ್ರಾಣಿಯ ರಕ್ತಕ್ಕೆ ಸೇರದಂತೆ ಮಾಡಿ, ಮಲದೊಡನೆ ಹೊರಬೀಳುವುದು. ಕ್ಯಾಡ್ಮಿಯಂ ಬೆರೆತ ನೀರಿನಲ್ಲಿಟ್ಟ ತಿಲಾಪಿಯಾ ಮೀನುಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಬೆರೆಸಿದ ಮೇವನ್ನು ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಮೀನಿನ ಮೈಯಲ್ಲಿ ಸೇರಿದ ಕ್ಯಾಡ್ಮಿಯಂ ಕಡಿಮೆಯಾದುದು ಕಂಡುಬಂದಿದೆ. ಇದು ಆಶಾಜನಕವಾದ ವಿದ್ಯೆಯೇ ಸರಿ. ಆದರೆ ಹೊರಬಿದ್ದ ಲೋಹವು ಹೋಗುವುದೆಲ್ಲಿಗೆ? ಅದೇ ಕೊಳದ ತಳದ ಕೆಸರಿಗೆ. ಕೆಸರನ್ನು ಕೆದಕಿ ತಿನ್ನುವ ಸೀಗಡಿಯು ಅದನ್ನು ಮತ್ತೆ ತಿನ್ನುವುದು. ಬೆಳೆ ಮುಗಿದ ಮೇಲೆ ಕೆಸರನ್ನು ತೆಗೆಯದಿದ್ದರೆ ಜೀವಾಣುಗಳ ಶ್ರಮವೆಲ್ಲಾ ವ್ಯರ್ಥ.

ಲೋಹವು ಪ್ರಾಣಿಯಲ್ಲಿ ನಿಂತರೆ ತಿನ್ನುವ ಮನುಷ್ಯನಿಗೆ ಏನಾಗುವುದೆಂಬುದಕ್ಕೆ ಜಪಾನ್ ದೇಶದ ಮಿನಮಾಟಾ ಊರು ನಿದರ್ಶನ. ಅಲ್ಲಿ ಒಂದು ರಾಸಾಯನಿಕ ಕಾರ್ಖಾನೆಯ ಪಾದರಸವು ಕೊಲ್ಲಿಯ ಮೀನು ಮತ್ತು ಚಿಪ್ಪುಜೀವಿಗಳಲ್ಲಿ ಸೇರಿ, ಅವುಗಳನ್ನು ತಿಂದ ಬೆಸ್ತರ ಕುಟುಂಬಗಳಲ್ಲಿ ನರಗಳ ಭಯಂಕರ ವ್ಯಾಧಿಯು ತಲೆದೋರಿತು. ವ್ಯಾಧಿಯು ಸರಕಾರದ ಗಮನಕ್ಕೆ ಬಂದುದು ೧೯೫೬ ರಲ್ಲಿ. ಕಾರ್ಖಾನೆಯು ಆ ಪಾದರಸವನ್ನು ಬಿಡುವುದು ನಿಂತುದು ೧೯೬೮ ರಲ್ಲಿ.

ಫ್ರಾನ್ಸ್ ದೇಶದ ಒಂದು ಪಾಠ

ಚಿಪ್ಪುಜೀವಿಗಳನ್ನು ರಾಸಾಯನಿಕ ವಿಷದಿಂದ ನಿಜವಾಗಿ ಉಳಿಸಿದುದು ಯಾವ ಉಪಾಯವೆಂಬುದನ್ನು ತಿಳಿಯಲು ಫ್ರಾನ್ಸ್ ದೇಶದ ಆರ್ಕಶಾನ್ ಎಂಬ ಕೊಲ್ಲಿಯ ಸಂಗತಿಯು ಬಹಳ ಉಪಯುಕ್ತ. ಅಲ್ಲಿ ಸಿಂಪಿಗಳನ್ನು ಸಾಕಿ ಮಾರುವುದು ದೊಡ್ಡ ಉದ್ಯಮ. ದೋಣಿಗಳ ತಳಕ್ಕೆ ಪಾಚಿ, ಚಿಪ್ಪು ಅಂಟದಿರಲೆಂದು ಟ್ರೈಬ್ಯುಟೈಲ್ ತವರವೆಂಬ ವಿಷವು ಬೆರೆತ ಬಣ್ಣವನ್ನು ಬಳಿಯುತ್ತಿದ್ದರು. ೧೯೭೭ ರಿಂದ ೧೯೮೧ ರವರೆಗೆ ಕೊಲ್ಲಿಯಲ್ಲಿ ಸಿಂಪಿಯ ಮರಿಗಳು ನಿಲ್ಲುವುದೇ ಬಹುಮಟ್ಟಿಗೆ ತಪ್ಪಿಹೋಯಿತು. ಬೆಳೆದ ಸಿಂಪಿಗಳ ಚಿಪ್ಪುಗಳು ಪದರ ಪದರವಾಗಿ ದಪ್ಪಗಟ್ಟಿ ಒಳಗಿನ ಮಾಂಸವು ಸೊರಗಿತು. ಕಾರಣವು ಗೊತ್ತಾದ ಮೇಲೆ ೧೯೮೨ ರಲ್ಲಿ ಅಲ್ಲಿನ ಸರಕಾರವು ೨೫ ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಆ ಬಣ್ಣವನ್ನು ಬಳಿಯಕೂಡದೆಂದು ಅಪ್ಪಣೆ ಮಾಡಿತು. ಅನಂತರ ಮರಿಗಳು ಮತ್ತೆ ನಿಂತುವು, ಉದ್ಯಮವು ಚೇತರಿಸಿಕೊಂಡಿತು. ೨೦೦೮ ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದಿಂದ ಹಡಗುಗಳಿಗೂ ಆ ಬಣ್ಣವು ನಿಷಿದ್ಧವಾಯಿತು. ಕೊಲ್ಲಿಯನ್ನು ಉಳಿಸಿದುದು ಔಷಧವಲ್ಲ, ಜೀವಾಣುವಲ್ಲ. ವಿಷವನ್ನು ಅದರ ಮೂಲದಲ್ಲಿಯೇ ತಡೆದುದು.

ಈ ಪಾಠವು ನಮ್ಮ ಅಳಿವೆಗೂ ಅನ್ವಯಿಸುತ್ತದೆ. ಬೆಳಚು, ಪಚ್ಚಿಲೆ, ಸಿಂಪಿಗಳು ನೀರನ್ನು ಸೋಸಿ ಅದರಲ್ಲಿನ ಆಹಾರವನ್ನು ತಿನ್ನುವ ಪ್ರಾಣಿಗಳು. ನೀರಿನಲ್ಲಿ ಏನಿದ್ದರೂ ಅವುಗಳ ಮೈಗೆ ಸೇರುವುದು. ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸುವ ಕಡೆಗಳಲ್ಲಿ ಹಿತಜೀವಾಣುಗಳನ್ನು ಬಳಸಬಹುದು. ಅಮೆರಿಕದಲ್ಲಿ ಸಿಂಪಿಯ ಮರಿಗಳನ್ನು ರೋಗಜೀವಾಣುಗಳಿಂದ ಕಾಪಾಡಲು ಅವು ಸಹಾಯಕವೆಂದು ತಿಳಿದುಬಂದಿದೆ. ಆದರೆ ದಿನಕ್ಕೆರಡು ಸಲ ಉಬ್ಬರ ಇಳಿತವಾಗುವ ತೆರೆದ ನದಿಗೆ ಪೊಟ್ಟಣ ಸುರಿಯುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. ಅವುಗಳಿಗೆ ಶುದ್ಧವಾದ ನೀರೊಂದೇ ರಕ್ಷೆ.

ಮೇಲ್ಗಡೆಯ ಸಿರ್ಸಿ, ಸಿದ್ಧಾಪುರ ಸೀಮೆಯಲ್ಲಿ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಅವಶ್ಯಕವಾದ ಕೆಲಸ. ಮೈಸೂರು ವ್ಯವಸಾಯದ ಇಲಾಖೆಯ ಕೋಲ್ಮನ್ ಸಾಹೇಬರು ೧೯೧೦ ರಷ್ಟು ಹಿಂದೆಯೇ ಈ ರೋಗವನ್ನು ಕುರಿತು ಬರೆದಿದ್ದರು. ಅದನ್ನು ಬಿಡಿರೆಂದು ಯಾರೂ ಹೇಳಲಾರರು. ಆದರೆ ಆ ದ್ರಾವಣದಲ್ಲಿರುವ ಮೈಲುತುತ್ತವು ತಾಮ್ರದ ಲವಣ. ಲೀಟರು ನೀರಿಗೆ ಮಿಲಿಗ್ರಾಂನ ಸಾವಿರದಲ್ಲಿ ಐದಾರು ಪಾಲಿನಷ್ಟು ತಾಮ್ರವೇ ಸಿಂಪಿ ಮತ್ತು ಪಚ್ಚಿಲೆ ಜಾತಿಯ ಭ್ರೂಣಗಳಲ್ಲಿ ಅರ್ಧದಷ್ಟನ್ನು ವಿಕಾರಗೊಳಿಸುವುದೆಂದು ಪರೀಕ್ಷೆಗಳಿಂದ ಗೊತ್ತಾಗಿದೆ. ಆದುದರಿಂದ ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲುವುದೂ, ಪೀಪಾಯಿಗಳನ್ನು ಹರಿಯುವ ನೀರಿನಲ್ಲಿ ತೊಳೆಯುವುದೂ ತಪ್ಪಬೇಕು. ಅಘನಾಶಿನಿಯ ನೀರು ಕೆಟ್ಟಿದೆಯೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕೆಡದಂತೆ ನೋಡಿಕೊಳ್ಳುವುದು ಸುಲಭ, ಕೆಟ್ಟ ಮೇಲೆ ಸರಿಪಡಿಸುವುದು ಕಷ್ಟ ಎಂಬುದೇ ಉದ್ದೇಶ. ೨೦೨೪ ರಲ್ಲಿ ಈ ಅಳಿವೆಯು ರಾಮ್‌ಸಾರ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಸೇರಿಸಲ್ಪಟ್ಟಿರುವುದನ್ನೂ ಇಲ್ಲಿ ಸ್ಮರಿಸಬಹುದು.

ಹಿತಜೀವಾಣುಗಳನ್ನು ಬಳಸುವ ಕ್ರಮ

ಗುತ್ತಿಗೆದಾರರು ಹಿತಜೀವಾಣುಗಳನ್ನು ಬಳಸುವುದಾದರೆ ಈ ಕೆಳಗಿನ ನಿಯಮಗಳನ್ನು ಪಾಲಿಸತಕ್ಕದ್ದು.

೧. ಪೊಟ್ಟಣದ ಮೇಲೆ ಜೀವಾಣುವಿನ ಜಾತಿ, ಒಂದು ಗ್ರಾಂನಲ್ಲಿರುವ ಜೀವಂತ ಜೀವಾಣುಗಳ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ತಾರೀಖುಗಳು ಇರಬೇಕು. "ಸಕಲ ವಿಷಹಾರಿ" ಎಂದು ಮಾತ್ರ ಬರೆದಿರುವ ಸರಕನ್ನು ಕೊಳ್ಳಕೂಡದು.

೨. ಪೊಟ್ಟಣಗಳನ್ನು ಬಿಸಿಲು, ತೇವ ತಗಲದ ತಂಪಾದ ಸ್ಥಳದಲ್ಲಿಡಬೇಕು.

೩. ಬ್ಲೀಚಿಂಗ್ ಪುಡಿ ಮೊದಲಾದ ಕ್ರಿಮಿನಾಶಕಗಳನ್ನು ಹಾಕಿದ ನೀರಿಗೆ, ಅವುಗಳ ಗುಣವು ಪೂರ್ತಿಯಾಗಿ ಹೋಗುವ ಮುನ್ನ ಜೀವಾಣುಗಳನ್ನು ಹಾಕಬಾರದು. ಹಾಕಿದರೆ ಅವೂ ಸಾಯುವುವು.

೪. ಒಂದೇ ಸಲ ಹೆಚ್ಚಾಗಿ ಹಾಕುವುದಕ್ಕಿಂತ, ಪೊಟ್ಟಣದಲ್ಲಿ ಹೇಳಿದ ಪ್ರಮಾಣವನ್ನು ಮೀರದೆ, ಬೆಳೆಯ ಮೊದಲಿನಿಂದಲೇ ಕ್ಲುಪ್ತವಾಗಿ ಹಾಕುತ್ತಾ ಬರುವುದು ಮೇಲು. ಬಿಸಿಲು ಬಂದ ಮೇಲೆ, ಏರೇಟರ್ ನಡೆಯುತ್ತಿರುವಾಗ ಹಾಕತಕ್ಕದ್ದು. ಮೋಡ ಕವಿದ ದಿನ, ರಾತ್ರಿಯ ವೇಳೆ ಸರ್ವಥಾ ಕೂಡದು.

೫. ಬೆಲ್ಲ, ತೌಡುಗಳನ್ನು ಸ್ವಲ್ಪ ಸ್ವಲ್ಪವಾಗಿ, ನೀರಿನ ಆಮ್ಲಜನಕವನ್ನು ನೋಡಿಕೊಂಡು ಹಾಕಬೇಕು. ನೀರಿನ ಕ್ಷಾರವು ಇಳಿದಿದ್ದರೆ ಸುಣ್ಣಕಲ್ಲಿನ ಪುಡಿಯಿಂದ ಸರಿಪಡಿಸಿಕೊಳ್ಳಬೇಕು.

೬. ಅಮೋನಿಯಾ ಮತ್ತು ಪಿಎಚ್‌ಗಳನ್ನು ಅಳೆಯುವ ಸಣ್ಣ ಪೆಟ್ಟಿಗೆಗಳು ದೊರೆಯುತ್ತವೆ. ಅಳೆಯದೆ ಔಷಧ ಹಾಕುವವನು ಕತ್ತಲೆಯಲ್ಲಿ ಕಲ್ಲೆಸೆದಂತೆ.

೭. ಬೆಳೆ ಮುಗಿದ ಮೇಲೆ ಕೊಳವನ್ನು ಒಣಗಿಸಿ, ಕಪ್ಪು ಕೆಸರನ್ನು ತೆಗೆಯಬೇಕು. ಅದರಲ್ಲಿ ಉಪ್ಪು ಇರುವುದರಿಂದ ಸಿಹಿನೀರಿನ ಗದ್ದೆಗೂ ತೋಟಕ್ಕೂ ಹಾಕಬಾರದು, ನದಿಗೂ ನೂಕಬಾರದು.

ಭೂಮಾಲೀಕರೂ ಗ್ರಾಮಮುಖ್ಯರೂ ಮಾಡಬೇಕಾದುದು

ಜೀವಾಣುಗಳನ್ನು ಕೊಳ್ಳುವುದು ಗುತ್ತಿಗೆದಾರರ ಕೆಲಸ. ಜಂತ್ರಡಿಯನ್ನು ಕಾಯುವುದು ಊರಿನವರ ಕೆಲಸ. ಎರಡನೆಯದು ಸರಿಯಾಗಿ ನಡೆದರೆ ಮೊದಲನೆಯದರ ಖರ್ಚು ತಾನಾಗಿಯೇ ತಗ್ಗುವುದು.

ಗುತ್ತಿಗೆಯ ಕರಾರು ಬರೆಯುವಾಗ, ೨೦೦೫ ರ ಕಾನೂನಿನಂತೆ ಕರಾವಳಿ ಜಲಕೃಷಿ ಪ್ರಾಧಿಕಾರದಲ್ಲಿ ಕೊಳವನ್ನು ನೋಂದಾಯಿಸಿರಬೇಕೆಂದು ಕಾಣಿಸತಕ್ಕದ್ದು. ಏಡಿಗಳನ್ನಾಗಲಿ ಬೇಡದ ಮೀನುಗಳನ್ನಾಗಲಿ ಕೊಲ್ಲಲು ಕೀಟನಾಶಕವನ್ನು ಕೊಳಕ್ಕೆ ಹಾಕಕೂಡದೆಂದೂ, ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಮೊದಲಾದ ನಿಷಿದ್ಧ ಔಷಧಗಳನ್ನು ಬಳಸಕೂಡದೆಂದೂ ಬರೆಯಿಸಬೇಕು. ಮೀನುಗಳನ್ನು ತೆಗೆಯಲು ಇಪ್ಪೆಯ ಹಿಂಡಿ, ಚಹಾಬೀಜದ ಹಿಂಡಿಗಳು ಸಾಕು. ಅವುಗಳ ವಿಷವು ಕೆಲವು ದಿನಗಳಲ್ಲಿ ತಾನೇ ಕರಗುವುದು. ಕೊಳದಿಂದ ಬಿಡುವ ನೀರನ್ನು ಮೊದಲು ಬೇರೊಂದು ಹೊಂಡದಲ್ಲಿ ನಿಲ್ಲಿಸಿ, ಕೊಳೆ ತಂಗಿದ ಮೇಲೆ ನದಿಗೆ ಬಿಡಬೇಕೆಂಬ ಷರತ್ತು ಅತ್ಯಂತ ಮುಖ್ಯವಾದುದು.

ನೀರನ್ನು ಒಳಗೆ ಬಿಟ್ಟುಕೊಳ್ಳುವ ಹೊತ್ತನ್ನೂ ಗೊತ್ತುಮಾಡಬೇಕು. ಭರತವು ತುಂಬಿ ನಿಂತಾಗಿನ ನೀರಿನಲ್ಲಿ ಸಮುದ್ರದ ಅಂಶವು ಹೆಚ್ಚು. ಇಳಿತದ ನೀರಿನಲ್ಲಿಯೂ ಮೊದಲ ಮಳೆಯ ನೀರಿನಲ್ಲಿಯೂ ಗದ್ದೆ ತೋಟಗಳಿಂದ ತೊಳೆದುಬಂದ ಅಂಶವು ಹೆಚ್ಚು. ಆದುದರಿಂದ ತುಂಬಿದ ಭರತದಲ್ಲಿಯೇ ಹಲಗೆ ತೆಗೆಯುವುದು ಕ್ಷೇಮ. ಊರಿನ ಗದ್ದೆಗಳಿಗೆ ಕೀಟನಾಶಕ ಸಿಂಪಡಿಸುವ ದಿನವನ್ನು ಮುಂಚಿತವಾಗಿ ಡಂಗುರದಿಂದಲಾಗಲಿ ದೂರವಾಣಿಯಿಂದಲಾಗಲಿ ತಿಳಿಸುವ ಏರ್ಪ

ಾಡು ಮಾಡಿದರೆ, ಆ ದಿನಗಳಲ್ಲಿ ಜಂತ್ರಡಿಯನ್ನು ಮುಚ್ಚಿಡಬಹುದು.

ಸಂಶಯವಿದ್ದಾಗ ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ನದಿಯ ನೀರನ್ನು ಒಂದು ತೊಟ್ಟಿಯಲ್ಲಿ ತುಂಬಿ, ಗಾಳಿಯಾಡುವಂತೆ ಮಾಡಿ, ಇಪ್ಪತ್ತು ಸೀಗಡಿಯ ಮರಿಗಳನ್ನು ಬಿಟ್ಟು ಒಂದು ಹಗಲು ಒಂದು ರಾತ್ರಿ ನೋಡಬೇಕು. ಒಳ್ಳೆಯದೆಂದು ಗೊತ್ತಿರುವ ನೀರಿನಲ್ಲಿ ಇನ್ನಿಪ್ಪತ್ತನ್ನು ಪಕ್ಕದಲ್ಲಿಯೇ ಇಡಬೇಕು. ಎರಡರ ಉಪ್ಪಿನಂಶವೂ ಬಹುಮಟ್ಟಿಗೆ ಒಂದೇ ಆಗಿರಲಿ. ನದಿಯ ನೀರಿನವು ಮಾತ್ರ ಸತ್ತರೆ ಹಲಗೆಯನ್ನು ತೆಗೆಯಕೂಡದು. ಇಪ್ಪತ್ತು ಮರಿಗಳ ನಷ್ಟದಿಂದ ಒಂದು ಗಜನಿಯ ಬೆಳೆಯು ಉಳಿಯಬಹುದು. ಈ ಪರೀಕ್ಷೆಯಿಂದ ತಕ್ಷಣ ಕೊಲ್ಲುವ ವಿಷವು ಮಾತ್ರ ತಿಳಿಯುವುದು. ನಿಧಾನವಾಗಿ ಸೇರುವ ಲೋಹಗಳಿಗೆ ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು.

ಇನ್ನೊಂದು ಮಾತು. ಭತ್ತವನ್ನು ಪೂರ್ತಿಯಾಗಿ ಬಿಟ್ಟ ಗಜನಿಗೆ ವರ್ಷಕ್ಕೊಮ್ಮೆ ಸಿಹಿನೀರಿನಿಂದ ತೊಳೆಯುವ ಅವಕಾಶವೂ, ನೆಲವು ಒಣಗಿ ಗಾಳಿ ಕುಡಿಯುವ ಅವಕಾಶವೂ ತಪ್ಪುತ್ತದೆ. ಕಗ್ಗವನ್ನು ಬೆಳೆದು ಅನಂತರ ಸೀಗಡಿಯನ್ನು ಬಿಡುತ್ತಿದ್ದ ಹಿಂದಿನ ಕ್ರಮದಲ್ಲಿ ಮಣ್ಣಿನ ಹಿತಜೀವಾಣುಗಳು ಪೊಟ್ಟಣವಿಲ್ಲದೆಯೇ ತಮ್ಮ ಕೆಲಸವನ್ನು ಮಾಡುತ್ತಿದ್ದುವು. ಗುತ್ತಿಗೆಯ ಹಣವು ಸ್ವಲ್ಪ ಕಡಿಮೆಯಾದರೂ ಆ ಕ್ರಮವನ್ನು ಉಳಿಸಿಕೊಂಡವರು ಬುದ್ಧಿವಂತರೆಂದೇ ಹೇಳಬೇಕು.

ಒಟ್ಟಿನಲ್ಲಿ, ಹಿತಜೀವಾಣುಗಳು ಕೊಳದೊಳಗೆ ಹುಟ್ಟುವ ಕೊಳೆಯನ್ನು ಗುಡಿಸುವ ಒಳ್ಳೆಯ ಆಳುಗಳು. ಹೊರಗಿನ ವಿಷವನ್ನು ತಡೆಯುವ ಬಾಗಿಲು ಅವಲ್ಲ. ಆ ಬಾಗಿಲು ಜಂತ್ರಡಿಯ ಹಲಗೆ, ಅದರ ಕೀಲಿಕೈ ಊರಿನ ಹಿರಿಯರ ಕೈಯಲ್ಲಿದೆ. ಮುಂದಿನ ಗುತ್ತಿಗೆಯ ಕಾಲಕ್ಕೆ ಮುಂಚೆಯೇ ಗ್ರಾಮಸ್ಥರು ಒಂದೆಡೆ ಸೇರಿ, ಸೀಗಡಿ ಸಾಕುವವರನ್ನೂ, ಗದ್ದೆಗೆ ಔಷಧ ಹೊಡೆಯುವವರನ್ನೂ, ಬೆಳಚು ಆರಿಸುವ ಹೆಂಗಸರನ್ನೂ ಕೂರಿಸಿಕೊಂಡು ಮೇಲ್ಕಂಡ ಷರತ್ತುಗಳನ್ನು ಗೊತ್ತುಮಾಡಿಕೊಳ್ಳುವರೆಂದೂ, ತನ್ಮೂಲಕ ತಮ್ಮ ಭೂಮಿಯನ್ನೂ ಅಳಿವೆಯನ್ನೂ ಕಾಪಾಡಿಕೊಳ್ಳುವರೆಂದೂ ನಂಬಲಾಗಿದೆ.